ಎಳ್ಳ ಅಮಾವಾಸ್ಯೆಯ ಬುತ್ತಿ ಮತ್ತು ಹೈದರಾಬಾದಿನ ಚಳಿ

ಹೈದರಾಬಾದಿನಿಂದ ಬೀದರ್ ಕಡೆಗೋ ಕಲಬುರಗಿ ಕಡೆಗೋ ಹೊರಟವರು ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಸಂಸ್ಥೆಯ ಹೊಲಗಳನ್ನು ದಾಟಿ ಹೋಗುತ್ತಾರೆ. ಮಳೆ ಕಡಿಮೆಯಿರುವ ನಾಡುಗಳ ಬೇಸಾಯಕ್ಕೆಂದು 1972ರಲ್ಲಿ ಹುಟ್ಟಿದ ಈ ಅಂತರರಾಷ್ಟ್ರೀಯ ಸಂಸ್ಥೆ ದಶಕಗಳ ಕಾಲ ತನ್ನ ಮುಖ್ಯ ಬೆಳೆಗಳೆಂದು ಇಟ್ಟುಕೊಂಡದ್ದು ಐದನ್ನು: ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ. ಅದೇ ಹೆದ್ದಾರಿಯಲ್ಲಿ ಮುಂದೆ ಹೋದರೆ ಜಹೀರಾಬಾದ್, ಹುಮನಾಬಾದ್. ಅಲ್ಲಿಯ ಮನೆಗಳಲ್ಲಿ ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಹೊರುವ ಬುತ್ತಿಯಲ್ಲಿ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಹಸಿ ಕಡಲೆ-ತೊಗರಿ ಹಾಕಿದ ಭಜ್ಜಿ, ಶೇಂಗಾ ಹೋಳಿಗೆ ಇರುತ್ತವೆ. ವಿಜ್ಞಾನಿಗಳು ಆರಿಸಿದ ಐದೂ ಬೆಳೆ ಒಂದೇ ಬುಟ್ಟಿಯಲ್ಲಿ! ವಿಜ್ಞಾನಿಗಳೂ ಈ ಮನೆಗಳವರೂ ನೋಡಿದ್ದು ಒಂದೇ ನೆಲವನ್ನು, ಅದಕ್ಕೇ ಉತ್ತರವೂ ಒಂದೇ ಆಯಿತು.

ಡಿಸೆಂಬರಿನ ಕೊನೆಯ ವಾರದಿಂದ ಸಂಕ್ರಾಂತಿಯವರೆಗಿನ ರಜೆಯಲ್ಲಿ ಏನು ತಿನ್ನಬೇಕು, ಮೈಯನ್ನು ಹೇಗೆ ನೋಡಿಕೊಳ್ಳಬೇಕು ಎಂದು ಕೇಳುವವರಿಗೆ ನಾನು ಮೊದಲು ತೋರಿಸುವುದು ಈ ಬುತ್ತಿಯನ್ನೇ. ಹೈದರಾಬಾದಿನ ಕನ್ನಡಿಗರಿಗೆ ಇದು ಪರವೂರಿನ ಸಂಗತಿಯಲ್ಲ. 1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರುಗಳಿಗೆ ಹೈದರಾಬಾದೇ ರಾಜಧಾನಿ. ಇಂದು ತೆಲಂಗಾಣದಲ್ಲಿರುವ ಜಹೀರಾಬಾದ್, ನಾರಾಯಣಖೇಡಗಳು ಅಂದು ಬೀದರ್ ಜಿಲ್ಲೆಯ ತಾಲ್ಲೂಕುಗಳು. ಓದಿಗೆ, ನೌಕರಿಗೆ, ಕೋರ್ಟು ಕೆಲಸಕ್ಕೆ ಬಂದು ಇಲ್ಲೇ ನೆಲೆನಿಂತ ಮನೆತನಗಳು ಎಷ್ಟೋ. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಆ ಕಾಲದ ನಂಟನ್ನು ಇಂದಿಗೂ ಹಿಡಿದಿಟ್ಟಿವೆ. ಆದರೆ ಅದೇ ಮನೆಗಳ ಮೂರನೆಯ ತಲೆಮಾರಿನ ಅಡುಗೆಮನೆಯಲ್ಲಿ ಭಜ್ಜಿ ಮಾಡುವುದು ವರ್ಷಕ್ಕೊಂದೇ ದಿನ, ಕೆಲವು ಕಡೆ ಅದೂ ಇಲ್ಲ. ಉಳಿದ ದಿನಗಳಿಗೆ ಅಂಗಡಿಯ ತಿಂಡಿ.

ಈ ಮೂರು ವಾರಗಳ ತಿನಿಸಿನ ಸಾಲನ್ನು ನೆನೆಯಿರಿ. ಕ್ರಿಸ್‌ಮಸ್‌ಗೆ ಸಿಕಂದರಾಬಾದಿನ ಬೇಕರಿಗಳ ಪ್ಲಮ್ ಕೇಕು. ಡಿಸೆಂಬರ್ 31ರ ರಾತ್ರಿ ತಡವಾಗಿ ಬಂದಿಳಿಯುವ ಬಿರಿಯಾನಿ ಡಬ್ಬಗಳು. ಜನವರಿ 1ಕ್ಕೆ ನಾಂಪಲ್ಲಿಯಲ್ಲಿ ನುಮಾಯಿಶ್ ತೆರೆದರೆ ಫೆಬ್ರವರಿ 15ರವರೆಗೂ ಮಿರ್ಚಿ ಬಜ್ಜಿ, ಜಿಲೇಬಿ. 1938ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು ಸ್ಥಳೀಯ ಉತ್ಪನ್ನಗಳ ಪ್ರದರ್ಶನವಾಗಿ ಆರಂಭಿಸಿದ್ದು ಅದು. ಈ ನಗರದ ಮಕ್ಕಳಿಗೆ ಅದಿಲ್ಲದ ಚಳಿಗಾಲವೇ ಇಲ್ಲ. ನಡುವೆ ಸಂಕ್ರಾಂತಿ ಬಂತೆಂದರೆ ನೆರೆಮನೆಯಿಂದ ಸಕಿನಾಲು, ಅರಿಸೆಲು. ಇವುಗಳಲ್ಲಿ ಯಾವುದನ್ನೂ ಬಿಡಿ ಎನ್ನಲು ನನಗೆ ಮನಸ್ಸಿಲ್ಲ. ನೆರೆಯವರು ಪ್ರೀತಿಯಿಂದ ಕೊಟ್ಟ ಸಕಿನಾಲನ್ನು ಎಣ್ಣೆ ಲೆಕ್ಕ ಹಾಕಿ ಬೇಡವೆನ್ನುವುದು ಆರೋಗ್ಯದ ಲಕ್ಷಣವಲ್ಲ.

ಆದರೂ ಒಂದು ಲೆಕ್ಕ ಗೊತ್ತಿರಬೇಕು. ಅಮೆರಿಕದಲ್ಲಿ 195 ಜನರ ತೂಕವನ್ನು ರಜಾಕಾಲದ ಹಿಂದೆ ಮುಂದೆ ನೋಡುತ್ತ ಹೋದ ಒಂದು ಅಧ್ಯಯನ 2000ದಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಹಬ್ಬದ ವಾರಗಳಲ್ಲಿ ಅವರ ತೂಕ ಏರಿದ್ದು ಸರಾಸರಿ 0.37 ಕಿಲೋ ಮಾತ್ರ. ಜನ ತಾವೇ ಊಹಿಸಿಕೊಂಡದ್ದಕ್ಕಿಂತ ಎಷ್ಟೋ ಕಡಿಮೆ. ಚಿಂತೆಯ ವಿಷಯವೆಂದರೆ ಆಮೇಲಿನ ತಿಂಗಳುಗಳಲ್ಲಿ ಅದು ಇಳಿಯಲಿಲ್ಲ. ವರ್ಷ ವರ್ಷವೂ ಹೀಗೆ ಸೇರುತ್ತ ಹೋದ ಸಣ್ಣ ಪಾಲೇ ನಡುವಯಸ್ಸಿನಲ್ಲಿ ಹೊಟ್ಟೆಯ ಸುತ್ತ ಕೂರುತ್ತದೆ. ಹಾಗಾಗಿ ಒಂದು ರಾತ್ರಿಯ ಬಿರಿಯಾನಿಗೆ ಹೆದರಬೇಕಿಲ್ಲ. ಅದರ ಮುಂಚಿನ, ಅದರ ನಂತರದ ಸಾಮಾನ್ಯ ದಿನಗಳ ಊಟ ಹೇಗಿದೆ ಎಂಬುದೇ ಮುಖ್ಯ.

ಆ ಸಾಮಾನ್ಯ ದಿನಗಳಿಗೆ ಭಜ್ಜಿಯಷ್ಟು ಒಳ್ಳೆಯ ಅಡುಗೆ ನನಗೆ ಗೊತ್ತಿಲ್ಲ. ಮಾಡದವರಿಗಾಗಿ ಹೇಳುತ್ತೇನೆ. ಹಸಿ ಕಡಲೆ, ಹಸಿ ತೊಗರಿ, ಅವರೆಕಾಳು, ಬಟಾಣಿ ಇವನ್ನು ಮೆತ್ತಗೆ ಬೇಯಿಸಿಕೊಳ್ಳಬೇಕು. ಮೆಂತ್ಯ, ಪಾಲಕ್, ಪುಂಡಿ, ಸಬ್ಬಸಿಗೆ, ಉಳ್ಳಾಗಡ್ಡಿ ಸೊಪ್ಪು, ಹೀಗೆ ಆ ದಿನ ಸಿಕ್ಕಿದ್ದನ್ನೆಲ್ಲ ಸಣ್ಣಗೆ ಹೆಚ್ಚಿ ಕಾಳಿನೊಡನೆ ಕುದಿಸಬೇಕು. ಗಜ್ಜರಿ, ಬದನೆಯೂ ಸೇರಬಹುದು. ಕಡಲೆಹಿಟ್ಟನ್ನು ಮಜ್ಜಿಗೆಯಲ್ಲಿ ಗಂಟಿಲ್ಲದಂತೆ ಕದಡಿ ಬೆರೆಸಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ ಅರೆದು ಹಾಕಿ, ಸಣ್ಣ ಉರಿಯಲ್ಲಿ ತಿರುವುತ್ತ ಗಟ್ಟಿ ಮಾಡಬೇಕು. ಪುಂಡಿ ಇದ್ದರೆ ಬೇರೆ ಹುಳಿ ಬೇಡ. ಮೇಲೆ ಒಂದು ಚಮಚ ಎಣ್ಣೆಯ ಒಗ್ಗರಣೆ, ಅಷ್ಟೆ. ಪಕ್ಕಕ್ಕೆ ಅಂಬಲಿ: ಜೋಳದ ಹಿಟ್ಟನ್ನು ನೀರಲ್ಲಿ ಕುದಿಸಿ ಆರಿಸಿ, ಮಜ್ಜಿಗೆ, ಜೀರಿಗೆ, ಬೆಳ್ಳುಳ್ಳಿ, ಶುಂಠಿ ಸೇರಿಸಿದ್ದು. ಶುಂಠಿಗಂತೂ ಜಹೀರಾಬಾದ್ ಸೀಮೆಯೇ ಹೆಸರುವಾಸಿ.

ಈ ಬೆಳೆಗಳೆಲ್ಲ ಚಳಿಗಾಲದಲ್ಲೇ ಒಟ್ಟಿಗೆ ಸಿಗಲು ಕಾರಣ ಇಲ್ಲಿನ ಎರೆಮಣ್ಣು. ಮುಂಗಾರಿನ ಹೊತ್ತಿಗೆ ಹೀರಿಕೊಂಡ ನೀರನ್ನು ಅದು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಜೋಳ ಮತ್ತು ಕಡಲೆ ಆ ತೇವದ ಮೇಲೆಯೇ ಬೆಳೆಯುತ್ತವೆ. ಮುಂಗಾರಿನಲ್ಲಿ ಬಿತ್ತಿದ ತೊಗರಿ ಈಗ ಕಾಯಿ ತುಂಬಿ ನಿಂತಿರುತ್ತದೆ. ಹೊಲಕ್ಕೆ ಹೋಗಿ ಉಣ್ಣುವ ಹಬ್ಬ ಮಾರ್ಗಶಿರದ ಅಮಾವಾಸ್ಯೆಗೇ ಬಂದದ್ದು ಇದರಿಂದ. 2024ರಲ್ಲಿ ಅದು ಡಿಸೆಂಬರ್ 30ಕ್ಕೆ, ಅಂದರೆ ಕ್ರಿಸ್‌ಮಸ್‌ಗೂ ಹೊಸವರ್ಷಕ್ಕೂ ನಡುವೆ ಬಿತ್ತು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಹೋದರೆ ತಪ್ಪಾದೀತು. ಜೋಳ ಒಳ್ಳೆಯದು ಎಂದು ಬರೀ ಜೋಳ ತಿಂದು ಬದುಕಲಾಗದು. ಅದನ್ನು ಜಗತ್ತಿಗೆ ತೋರಿಸಿದ್ದೂ ಇದೇ ಹೈದರಾಬಾದು. ರಾಬರ್ಟ್ ಮೆಕ್ಯಾರಿಸನ್ 1918ರಲ್ಲಿ ಕೂನೂರಿನಲ್ಲಿ ಸಣ್ಣದಾಗಿ ಆರಂಭಿಸಿದ ಪ್ರಯೋಗಾಲಯ ಬೆಳೆದು 1958ರಲ್ಲಿ ಇಲ್ಲಿನ ತಾರ್ನಾಕಕ್ಕೆ ಬಂತು. ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ. ಇಲ್ಲಿಗೆ ಬಂದವರಿಗೆ ಸುತ್ತಲಿನ ಬಡವರಲ್ಲಿ ಪೆಲಾಗ್ರ ಕಾಯಿಲೆ ಕಣ್ಣಿಗೆ ಬಿತ್ತು. ಬಿಸಿಲು ತಾಗುವ ಕಡೆ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಮಂಕು ಕವಿಯುವುದು ಅದರ ಲಕ್ಷಣ. ಬೇರೆ ದೇಶಗಳಲ್ಲಿ ಮೆಕ್ಕೆಜೋಳವನ್ನೇ ನೆಚ್ಚಿದವರಿಗೆ ಬರುತ್ತಿದ್ದ ಈ ರೋಗ ಇಲ್ಲಿ ಜೋಳವನ್ನೇ ನೆಚ್ಚಿದವರಿಗೆ ಬಂದಿತ್ತು. ಆ ಸಂಸ್ಥೆಯ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಿಯಾ 1960ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಈ ಬಗ್ಗೆ ಬರೆದರು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲ ದೇಹದಲ್ಲಿ ನಯಾಸಿನ್ ಜೀವಸತ್ವದ ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂಬುದು ಅವರ ವಾದ. ಅದು ಎಷ್ಟರಮಟ್ಟಿಗೆ ಸರಿ ಎಂಬ ಚರ್ಚೆ ಮುಂದೆಯೂ ನಡೆಯಿತು. ಬಗೆಬಗೆಯ ಆಹಾರ ಸಿಕ್ಕವರನ್ನು ಪೆಲಾಗ್ರ ಮುಟ್ಟುವುದಿಲ್ಲ ಎಂಬುದರಲ್ಲಿ ಮಾತ್ರ ಯಾರಿಗೂ ಅನುಮಾನವಿರಲಿಲ್ಲ.

ಈಗ ಮತ್ತೆ ಬುತ್ತಿಯನ್ನು ನೋಡಿ. ನಯಾಸಿನ್ ಧಾರಾಳವಾಗಿರುವ ಸಸ್ಯಾಹಾರಗಳಲ್ಲಿ ಶೇಂಗಾ ಮುಂಚೂಣಿಯದು. ಉತ್ತರ ಕರ್ನಾಟಕದವರು ಜೋಳದ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಳ್ಳದೆ ಉಣ್ಣುವುದಿಲ್ಲ. ರೊಟ್ಟಿಯ ಪ್ರೋಟೀನಿನಲ್ಲಿ ಕೊರತೆಯಿರುವ ಲೈಸಿನ್ ಕಡಲೆ, ತೊಗರಿಗಳಲ್ಲಿದೆ. ಸೊಪ್ಪಿನ ಕಬ್ಬಿಣ, ಮಜ್ಜಿಗೆಯ ಕ್ಯಾಲ್ಸಿಯಂ ಇದಕ್ಕೆ ಸೇರಿದವು. ಬಡತನದಲ್ಲಿ ಈ ಜೊತೆಗಾರರೆಲ್ಲ ತಟ್ಟೆಯಿಂದ ಜಾರಿ ರೊಟ್ಟಿಯೊಂದೇ ಉಳಿದಾಗ ರೋಗ ಬಂತು. ಇಂದಿನ ನಗರದಲ್ಲಿ ಜೊತೆಗಾರರು ಜಾರುವುದು ಬಡತನದಿಂದಷ್ಟೇ ಅಲ್ಲ, ಅನ್ನದ ಮೇಲೆ ತಿಳಿಸಾರು ಸುರಿದು ಬೇಗ ಊಟ ಮುಗಿಸುವ ಆತುರದಿಂದಲೂ. ತಾರ್ನಾಕದ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಹೇಳುವುದೂ ಇದನ್ನೇ: ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇ 45ನ್ನು ದಾಟಬಾರದು, ತಟ್ಟೆಯ ಅರ್ಧದಷ್ಟು ತರಕಾರಿ, ಸೊಪ್ಪು, ಹಣ್ಣು ಇರಬೇಕು. ಒಂದು ರೊಟ್ಟಿಗೆ ಎರಡು ಸವುಟು ಭಜ್ಜಿ ಹಾಕಿಕೊಂಡವರು ಪುಸ್ತಕ ತೆರೆಯದೆಯೇ ಅದನ್ನು ಪಾಲಿಸಿದಂತಾಯಿತು.

ಇನ್ನು ಎಳ್ಳು. 100 ಗ್ರಾಂ ಇಡೀ ಎಳ್ಳಿನಲ್ಲಿ 1,000 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ ಎಂದು ಕೇಳಿ ಹಿಗ್ಗುವವರು ಒಂದು ವಿಷಯ ತಿಳಿದಿರಬೇಕು. ಅದರ ಬಹುಪಾಲು ಇರುವುದು ಸಿಪ್ಪೆಯಲ್ಲಿ, ಅದೂ ಆಕ್ಸಲೇಟಿನೊಡನೆ ಬೆಸೆದುಕೊಂಡು; ಹಾಗಾಗಿ ಅಷ್ಟೂ ಮೈಗೆ ಹತ್ತುವುದಿಲ್ಲ. ಎಳ್ಳು-ಬೆಲ್ಲಕ್ಕೆಂದು ತಿಕ್ಕಿ ಸಿಪ್ಪೆ ತೆಗೆದ ಬಿಳಿ ಎಳ್ಳಿನಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ. ಹಾಗೆಂದು ಎಳ್ಳು ದಂಡವಲ್ಲ. ಒಳ್ಳೆಯ ಕೊಬ್ಬು, ಪ್ರೋಟೀನು, ಸತು ಎಲ್ಲವೂ ಅದರಲ್ಲಿವೆ. ಭೋಗಿಯ ದಿನ ಸಿಪ್ಪೆ ಸಹಿತ ಎಳ್ಳನ್ನು ಮೇಲೆ ಒತ್ತಿ ಬೇಯಿಸುವ ಸಜ್ಜೆ ರೊಟ್ಟಿ ನನ್ನ ಮಟ್ಟಿಗೆ ಎಳ್ಳು ತಿನ್ನುವ ಅತ್ಯುತ್ತಮ ದಾರಿ. ಸಜ್ಜೆಯಲ್ಲಿ ಕಬ್ಬಿಣದ ಜೊತೆಗೆ ಕೊಬ್ಬೂ ತುಸು ಹೆಚ್ಚು. ಅದರಿಂದಲೇ ಹಿಟ್ಟು ಕೆಲವೇ ದಿನಗಳಲ್ಲಿ ಕಮಟು ಹಿಡಿಯುತ್ತದೆ. ವಾರಕ್ಕೆ ಆಗುವಷ್ಟನ್ನೇ ಬೀಸಿಸಿಕೊಳ್ಳಿ. ತಿಂಗಳುಗಟ್ಟಲೆ ಕಪಾಟಿನಲ್ಲಿ ಕೂತ ಸಜ್ಜೆ ಹಿಟ್ಟಿನ ಪೊಟ್ಟಣವನ್ನು ನಾನಂತೂ ಕೊಳ್ಳುವುದಿಲ್ಲ.

ಎಳ್ಳು-ಬೆಲ್ಲ, ಕೊಬ್ಬರಿ, ಶೇಂಗಾ, ಹುರಿಗಡಲೆ ಕೂಡಿದ ಒಂದು ಹಿಡಿ, ಅಂದರೆ ಸುಮಾರು 30 ಗ್ರಾಂ, 150 ಕ್ಯಾಲರಿಯಷ್ಟು ಶಕ್ತಿ ಕೊಡುತ್ತದೆ. ಎಣ್ಣೆಬೀಜ, ಕಾಯಿಗಳಿಗೆ ಮಾರ್ಗಸೂಚಿ ಕೊಟ್ಟಿರುವ ದಿನದ ಪಾಲು 35 ಗ್ರಾಂ. ಸಂಜೆ ಬಿಸ್ಕತ್ತಿನ ಬದಲು ಒಂದು ಹಿಡಿ ತಿಂದರೆ ಲೆಕ್ಕ ಸರಿಹೋಗುತ್ತದೆ. ಡಬ್ಬ ಮುಂದಿಟ್ಟುಕೊಂಡು ಟಿವಿ ನೋಡಿದರೆ ಸರಿಹೋಗುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಮಾತು: ಬೆಲ್ಲದಲ್ಲಿರುವುದೂ ಬಹುಪಾಲು ಸಕ್ಕರೆಯೇ. ಬಣ್ಣ ಕಪ್ಪಾದ ಮಾತ್ರಕ್ಕೆ ರಕ್ತಕ್ಕೆ ಅದು ಬೇರೆಯಾಗಿ ಕಾಣುವುದಿಲ್ಲ.

ಈ ಸೀಮೆಯ ಊಟದ ಮಾತು ಬಂದಾಗ ಮೈಸೂರಿನಲ್ಲಿ ಹುಟ್ಟಿದ ಪಿ.ವಿ. ಸತೀಶ್ ಅವರನ್ನು ನೆನೆಯದಿರಲು ನನ್ನಿಂದಾಗದು. ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದ ಅವರು 1983ರಲ್ಲಿ ಗೆಳೆಯರೊಡನೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿ, ಜಹೀರಾಬಾದ್ ಬಳಿಯ ಪಸ್ತಾಪುರದಲ್ಲಿ ಬೇರುಬಿಟ್ಟರು. ದಲಿತ ಹೆಣ್ಣುಮಕ್ಕಳ ಸಂಘಗಳು ಪಾಳುಬಿದ್ದ ತುಂಡುಭೂಮಿಯಲ್ಲಿ ಜೋಳ, ಸಜ್ಜೆ, ನವಣೆ, ತೊಗರಿಗಳನ್ನು ಅಕ್ಕಡಿಯಾಗಿ ಬಿತ್ತಿದವು, ಬೀಜವನ್ನು ತಮ್ಮ ಮನೆಯಲ್ಲೇ ಉಳಿಸಿಕೊಂಡವು. ಸೊಸೈಟಿ ಎತ್ತಿ ಹೇಳಿದ ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯವೆನಿಸುತ್ತದೆ: ಯಾರೂ ಬಿತ್ತದೆ ಹೊಲದ ಬದುವಿನಲ್ಲಿ ತಾನಾಗಿ ಏಳುವ ಸೊಪ್ಪುಗಳು ಬಡವರ ಊಟದ ದೊಡ್ಡ ಪಾಲು, ಕಳೆನಾಶಕ ಸಿಂಪಡಿಸಿದರೆ ಮೊದಲು ಸಾಯುವುದು ಅವೇ. ಪ್ರತಿವರ್ಷ ಸಂಕ್ರಾಂತಿಯ ಹೊತ್ತಿಗೆ ಬೀಜ ತುಂಬಿದ ಎತ್ತಿನ ಗಾಡಿಗಳು ಊರಿಂದೂರಿಗೆ ಹೋಗುವ ಜಾತ್ರೆಯನ್ನೂ ಈ ಸಂಘಗಳು ನಡೆಸಿಕೊಂಡು ಬಂದಿವೆ. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಸೊಸೈಟಿಗೆ ಸಂದಿತು. ಸತೀಶ್ 2023ರ ಮಾರ್ಚಿನಲ್ಲಿ ತೀರಿಕೊಂಡರು. ಅದೇ ವರ್ಷ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೂ ಆಗಿತ್ತು.

ಆ ವರ್ಷದ ಬಳಿಕ ನಗರದ ಅಂಗಡಿಗಳಲ್ಲಿ ಸಿರಿಧಾನ್ಯದ ಬಿಸ್ಕತ್ತು, ನೂಡಲ್ಸ್, ಕುರುಕಲುಗಳ ಸಾಲು ಬೆಳೆದಿದೆ. ಕೊಳ್ಳುವ ಮುಂಚೆ ಪೊಟ್ಟಣದ ಹಿಂದೆ ಬರೆದಿರುವುದನ್ನು ಓದಿ. ಯಾವುದು ತೂಕದಲ್ಲಿ ಹೆಚ್ಚೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ಮೈದಾ, ಸಕ್ಕರೆ, ತಾಳೆಎಣ್ಣೆ ಮುಂದೆ ಬಂದು ರಾಗಿಯೋ ಸಜ್ಜೆಯೋ ಕೊನೆಗೆ ಬಂದಿದ್ದರೆ ಅದು ಮೈದಾ ಬಿಸ್ಕತ್ತು, ಬೆಲೆ ಮಾತ್ರ ಜಾಸ್ತಿ.

ಚಳಿಯಲ್ಲಿ ಇರಾನಿ ಚಹಾ ಬೇಡವೆನ್ನುವವರು ಈ ಊರಿನಲ್ಲಿ ಕಡಿಮೆ, ನಾನೂ ಬೇಡವೆನ್ನುವವಳಲ್ಲ. ಊಟದ ಹಿಂದೆಯೇ ಕುಡಿದಾಗ ಮಾತ್ರ ಚಹಾದ ಟ್ಯಾನಿನ್ ಸೊಪ್ಪು-ಕಾಳಿನ ಕಬ್ಬಿಣವನ್ನು ಮೈಗೆ ಹತ್ತದಂತೆ ತಡೆಯುತ್ತದೆ. ರಕ್ತಹೀನತೆ ಇರುವ ಹೆಣ್ಣುಮಕ್ಕಳಿಗೆ ಇದು ಸಣ್ಣ ಮಾತಲ್ಲ. ಊಟಕ್ಕೂ ಚಹಾಕ್ಕೂ ಒಂದು ಗಂಟೆ ಅಂತರವಿರಲಿ. ಊಟದ ಜೊತೆ ಪೇರಲ ಹಣ್ಣಿನ ಎರಡು ಹೋಳು ತಿಂದರೆ ಅದರ ಸಿ ಜೀವಸತ್ವ ಕಬ್ಬಿಣವನ್ನು ಒಳಕ್ಕೆ ಸೆಳೆಯುತ್ತದೆ. 100 ಗ್ರಾಂ ಪೇರಲದಲ್ಲಿ 200 ಮಿಲಿಗ್ರಾಂಗಿಂತ ಹೆಚ್ಚು ಸಿ ಜೀವಸತ್ವವಿದೆ, ಕಿತ್ತಳೆಗಿಂತ ಎಷ್ಟೋ ಪಾಲು ಮಿಗಿಲು. ಗಾಡಿಯವನ ಬಳಿ ಈಗ ಅದೇ ಅಗ್ಗದ ಹಣ್ಣು. ಭೋಗಿಗೆ ಮಕ್ಕಳ ತಲೆಯ ಮೇಲೆ ಸುರಿಯುವ ಬೋರೆಹಣ್ಣನ್ನೂ ತೊಳೆದು ತಿನ್ನಲು ಕೊಡಿ.

ಹೈದರಾಬಾದಿನ ಚಳಿ ಉತ್ತರ ಭಾರತದ ಚಳಿಯಂಥದ್ದಲ್ಲ. ನಗರದ ಹವಾಮಾನ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶ 1946ರ ಜನವರಿ 8ರ 6.1 ಡಿಗ್ರಿ. ಮೈಯನ್ನು ಕಾಡುವುದು ತಂಪಿಗಿಂತ ಒಣಗಾಳಿ. ತುಟಿ ಬಿರಿಯುತ್ತದೆ, ಹಿಮ್ಮಡಿ ಒಡೆಯುತ್ತದೆ, ಬಾಯಾರಿಕೆ ಮಾತ್ರ ಗೊತ್ತಾಗುವುದಿಲ್ಲ. ತೀರಾ ಬಿಸಿನೀರು ಚರ್ಮದ ಜಿಡ್ಡನ್ನು ತೊಳೆದುಹಾಕುತ್ತದೆ, ಉಗುರುಬೆಚ್ಚಗಿನ ನೀರೇ ಸಾಕು. ಸ್ನಾನ ಮುಗಿದು ಮೈಯಲ್ಲಿ ಇನ್ನೂ ಪಸೆಯಿರುವಾಗಲೇ ಕೊಬ್ಬರಿ ಎಣ್ಣೆ ಸವರಿದರೆ ಆ ನೀರಿನಂಶ ಒಳಗೇ ಉಳಿಯುತ್ತದೆ. ವಾರಕ್ಕೊಮ್ಮೆ ಎಳ್ಳೆಣ್ಣೆ ಹಚ್ಚಿಕೊಂಡು ಬಿಸಿಲಲ್ಲಿ ಕೂತು ಆಮೇಲೆ ಮೀಯುವ ಹಳೆಯ ಪದ್ಧತಿಯನ್ನು ಬಿಡಬೇಡಿ. ಡಿ ಜೀವಸತ್ವಕ್ಕೆ ಎಳೆಬಿಸಿಲಿಗಿಂತ ನಡುಹಗಲಿನ ಬಿಸಿಲು ಹೆಚ್ಚು ಒದಗುತ್ತದೆ. ವರ್ಷದ ಉಳಿದ ಕಾಲದಲ್ಲಿ ಇಲ್ಲಿ ಆ ಹೊತ್ತಿಗೆ ಹೊರಗೆ ನಿಲ್ಲಲಾಗದು, ಈಗ ನಿಲ್ಲಬಹುದು.

ನಸುಕಿನ ವಾಕಿಂಗ್ ಬಗ್ಗೆಯೂ ತುಸು ಯೋಚಿಸಬೇಕು. ಚಳಿಗಾಲದ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ, ಮೇಲಿನ ಬೆಚ್ಚಗಿನ ಗಾಳಿಯ ಕೆಳಗೆ ಸಿಕ್ಕಿಕೊಳ್ಳುತ್ತದೆ. ವಾಹನದ ಹೊಗೆ, ಕಸ ಸುಟ್ಟ ಹೊಗೆ ಮೇಲೇಳದೆ ಅಲ್ಲೇ ನಿಲ್ಲುತ್ತದೆ. ಉಬ್ಬಸದವರು, ವಯಸ್ಸಾದವರು ಬಿಸಿಲೇರಿ ಹೊಗೆ ಕರಗಿದ ಮೇಲೆ ಹೊರಡುವುದು ಲೇಸು.

ನೆಗಡಿ, ಗಂಟಲು ಕೆರೆತಕ್ಕೆ ಮೆಣಸು-ಜೀರಿಗೆ ಕಷಾಯ, ಶುಂಠಿ, ಅರಿಸಿನದ ಹಾಲು ಹಿತ ಕೊಡುತ್ತವೆ. ರೋಗವನ್ನು ಓಡಿಸುವುದು ದೇಹ ತಾನೇ, ನಾಲ್ಕಾರು ದಿನಗಳಲ್ಲಿ. ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸಬಾರದು, ಬಾಟುಲಿಸಂ ಎಂಬ ಅಪಾಯಕಾರಿ ಸೋಂಕಿನ ಭಯವಿದೆ. ಕುದಿನೀರಿನ ಪಾತ್ರೆಯೆದುರು ಮಕ್ಕಳನ್ನು ಕೂರಿಸಿ ಹಬೆ ಕೊಡಿಸಲೂ ಬಾರದು, ಸುಟ್ಟಗಾಯವಾಗುತ್ತದೆ. ಜ್ವರ ಮೂರು ದಿನ ದಾಟಿದರೆ, ಉಸಿರು ಕಟ್ಟಿದರೆ ವೈದ್ಯರಲ್ಲಿಗೆ ಹೋಗಿ. ತಂಪಿಗೆ ರಕ್ತನಾಳಗಳು ಬಿಗಿದು ರಕ್ತದೊತ್ತಡ ಏರುವ ಕಾಲವಿದು. ಮೇಲಿಂದ ಹಬ್ಬದ ಉಪ್ಪಿನಕಾಯಿ, ಹಪ್ಪಳ, ಕರಿದ ತಿಂಡಿಗಳ ಉಪ್ಪೂ ಸೇರುತ್ತದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬಿಪಿ ಮಾತ್ರೆ ನುಂಗುವ ಹಿರಿಯರು ರಜೆಗೆಂದು ಮಕ್ಕಳ ಮನೆಗೆ ಹೊರಟಾಗ ಮಾತ್ರೆ ಮರೆತು ಬರುವುದು ಸಾಮಾನ್ಯ. ಬ್ಯಾಗು ತುಂಬುವಾಗ ಅದನ್ನೇ ಮೊದಲು ಇಡಿ. ಎದೆಯಲ್ಲಿ ಹಿಡಿದಂತಾಗಿ ಬೆವರಿದರೆ ಗ್ಯಾಸ್ ಎಂದು ಬೆಳಗಿನವರೆಗೆ ಕಾಯಬೇಡಿ.

ಭಜ್ಜಿಗೆ ಬೇಕಾದ ಸಾಮಾನಿಗೆ ದೂರ ಹೋಗಬೇಕಿಲ್ಲ. 1999ರಲ್ಲಿ ಆರಂಭವಾದ ರೈತು ಬಜಾರುಗಳು ಮೆಹದಿಪಟ್ನಂ, ಎರ್ರಗಡ್ಡದಂಥ ಕಡೆ ಇಂದಿಗೂ ನಡೆಯುತ್ತಿವೆ. ಬೆಳಿಗ್ಗೆ ಬೇಗ ಹೋದವರಿಗೆ ಗಿಡ ಸಮೇತ ಕಿತ್ತ ಹಸಿ ಕಡಲೆಯ ಸೂಡು, ತೊಗರಿಕಾಯಿ, ಅವರೆ, ಪುಂಡಿ ಒಟ್ಟಿಗೆ ಸಿಗುತ್ತವೆ. ತೊಗರಿಕಾಯಿಯನ್ನು ಉಪ್ಪುನೀರಿನಲ್ಲಿ ಕುದಿಸಿ ಮಕ್ಕಳ ಮುಂದಿಟ್ಟರೆ ಸುಲಿದು ತಿನ್ನುತ್ತ ಸಂಜೆ ಕಳೆಯುತ್ತಾರೆ. ಸುಲಿದ ಕಾಳನ್ನು ಒಂದೆರಡು ನಿಮಿಷ ಕುದಿನೀರಿನಲ್ಲಿ ಅದ್ದಿ, ತಣಿಸಿ ಫ್ರೀಜರಿನಲ್ಲಿಟ್ಟರೆ ತಿಂಗಳುಗಟ್ಟಲೆ ಭಜ್ಜಿಗೆ ಒದಗುತ್ತದೆ. ಸಂಕ್ರಾಂತಿ ಕಳೆದಂತೆ ಕಡಲೆ ಗಿಡದಲ್ಲೇ ಒಣಗತೊಡಗುತ್ತದೆ, ತೊಗರಿ ರಾಶಿಗೆ ಹೋಗುತ್ತದೆ. ಕೊಳ್ಳುವವರು ಜನವರಿಯ ಎರಡನೆಯ ವಾರದೊಳಗೆ ಕೊಂಡಿಟ್ಟುಕೊಳ್ಳಿ.